ಸೀಲ್ ಒಡೆದ ಮೇಲೆ ಆ ಮನೆ ತೊಳೆಯುವವರು ಯಾರು?

2025ರ ಜುಲೈ ಕೊನೆಯಲ್ಲಿ ಮುಂಬೈ ಪೊಲೀಸರು ಮೈಸೂರಿಗೆ ಬಂದು ರಿಂಗ್ ರಸ್ತೆ ಕಡೆಯ ಒಂದು ಶೆಡ್ಡಿನ ಬಾಗಿಲು ತೆಗೆಸಿದರು. ಒಳಗೆ ಎಂ.ಡಿ., ಅಂದರೆ ಮೆಫೆಡ್ರೋನ್ ತಯಾರಾಗುತ್ತಿತ್ತು. ಸುಮಾರು 187 ಕೆ.ಜಿ. ಮಾಲು ಸಿಕ್ಕಿತು, ಪೊಲೀಸರು ಕಟ್ಟಿದ ಬೆಲೆ 380 ಕೋಟಿ ರೂಪಾಯಿಗೂ ಮೇಲೆ. ಮುಂದಿನ ಕೆಲವು ದಿನ ಏನೇನು ಚರ್ಚೆಯಾಯಿತು ಎಂಬುದು ನಿಮಗೆಲ್ಲ ನೆನಪಿರಬಹುದು. ಮುಖ್ಯಮಂತ್ರಿಗಳ ಸ್ವಂತ ಜಿಲ್ಲೆ, ಮುಂಬೈಯವರಿಗೆ ಗೊತ್ತಾದದ್ದು ನಮ್ಮವರಿಗೆ ಯಾಕೆ ಗೊತ್ತಾಗಲಿಲ್ಲ, ಇದರ ಹಿಂದೆ ಯಾರಿದ್ದಾರೆ, ಶೆಡ್ ಬಾಡಿಗೆಗೆ ಕೊಟ್ಟವರು ಯಾರು. ಅವರ ಮೇಲೆ ಇವರು, ಇವರ ಮೇಲೆ ಅವರು. ಎಲ್ಲ ಸರಿಯಾದ ಪ್ರಶ್ನೆಗಳೇ. ಆದರೆ ಆ ಶೆಡ್ಡಿನ ಗೋಡೆ, ನೆಲ, ಮೋರಿ, ಹಿಂದಿನ ಮಣ್ಣು, ಇವುಗಳ ಬಗ್ಗೆ ನಾನು ಓದಿದ ಯಾವ ವರದಿಯಲ್ಲೂ ಒಂದು ಸಾಲು ಕಾಣಲಿಲ್ಲ.

ಡ್ರಗ್ಸ್ ಸುದ್ದಿ ಬರೆಯುವ ಒಂದು ಸಿದ್ಧ ಮಾದರಿ ನಮ್ಮಲ್ಲಿದೆ. ಮೇಜಿನ ಮೇಲೆ ಪೊಟ್ಟಣಗಳ ಸಾಲು, ಹಿಂದೆ ನಿಂತ ಸಿಬ್ಬಂದಿ, ಮುಸುಕು ಹಾಕಿದ ಆರೋಪಿಗಳು, ಕೋಟಿಗಳ ಲೆಕ್ಕ, ಕೊನೆಗೆ ತಂಡಕ್ಕೆ ಬಹುಮಾನ ಘೋಷಣೆ. ಡೆಸ್ಕಿಗೆ ಬೇಕಾದದ್ದು ಅಷ್ಟೇ. ಮಹಜರು ಮುಗಿದು ಬಾಗಿಲಿಗೆ ಸೀಲ್ ಬಿದ್ದರೆ ಸುದ್ದಿಯೂ ಮುಗಿಯಿತು. ಆದರೆ ಸೀಲ್ ಶಾಶ್ವತವಾಗಿ ಇರುವುದಿಲ್ಲ. ಮಾಲೀಕ ಇವತ್ತಲ್ಲ ನಾಳೆ ಕೋರ್ಟಿಗೆ ಅರ್ಜಿ ಹಾಕುತ್ತಾನೆ, ಕಟ್ಟಡ ವಾಪಸ್ ಸಿಗುತ್ತದೆ. ಆಮೇಲೆ? ಇಬ್ಬರು ಕೂಲಿಯವರು ಬರುತ್ತಾರೆ. ಒಂದು ಪೊರಕೆ, ಎರಡು ಬಾಟಲಿ ಆಸಿಡ್, ಒಂದು ಡಬ್ಬ ಡಿಸ್ಟೆಂಪರ್. ನಾಲ್ಕು ದಿನ ಕಳೆದು ಗೇಟಿನ ಮೇಲೆ ‘ಬಾಡಿಗೆಗೆ ಇದೆ’ ಬೋರ್ಡು. ಹೀಗೆ ಮಾಡಬಾರದು ಎನ್ನುವ ಒಂದು ನಿಯಮವೂ ಈ ರಾಜ್ಯದಲ್ಲಿಲ್ಲ.

ಇದು ಕೈಗಾರಿಕಾ ಪ್ರದೇಶದ ಶೆಡ್ಡುಗಳ ಸಮಸ್ಯೆ ಮಾತ್ರ ಎಂದುಕೊಂಡರೆ ತಪ್ಪಾಗುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಬಳಿಯ ಬೆಟ್ಟದಾಸನಪುರದಲ್ಲಿ 2021ರಲ್ಲಿ ಸಿಸಿಬಿಯವರು ಪತ್ತೆ ಹಚ್ಚಿದ ಎಂಡಿಎಂಎ ಘಟಕ ಇದ್ದದ್ದು ಒಂದು ಬಾಡಿಗೆ ಮನೆಯಲ್ಲಿ. ಗ್ರೇಟರ್ ನೋಯ್ಡಾದಲ್ಲಿ 2023ರಲ್ಲಿ ಸಿಕ್ಕಿದ್ದೂ ಬಾಡಿಗೆ ಮನೆಯಲ್ಲೇ. ಮರುವರ್ಷ ಅಕ್ಟೋಬರಿನಲ್ಲಿ ಅದೇ ಗೌತಮ ಬುದ್ಧ ನಗರ ಜಿಲ್ಲೆಯ ಕಾಸನಾದಲ್ಲಿ ಎನ್‌ಸಿಬಿ ಇನ್ನೊಂದನ್ನು ಹಿಡಿಯಿತು, ಅದರಲ್ಲಿ ತಿಹಾರ್ ಜೈಲಿನ ವಾರ್ಡನ್ ಒಬ್ಬನೂ ಸಿಕ್ಕಿಬಿದ್ದ. ಭೋಪಾಲ್ ಹೊರವಲಯದ ಬಗ್ರೋದಾದಲ್ಲಿ ಅದೇ ತಿಂಗಳು 900 ಕೆ.ಜಿ.ಗೂ ಹೆಚ್ಚು ಮೆಫೆಡ್ರೋನ್ ಸಿಕ್ಕಿತು. ಹಿಂದೆ ಮಾದಕ ವಸ್ತು ಹೊರಗಿನಿಂದ ನಮ್ಮೂರಿಗೆ ಬರುತ್ತಿತ್ತು. ಈಗ ಇಲ್ಲೇ ತಯಾರಾಗುತ್ತಿದೆ. ತಯಾರಾಗುವ ಕಡೆ ಕಸವೂ ಉಳಿಯುತ್ತದೆ.

ಎಷ್ಟು ಕಸ? ಮೆಥಾಂಫೆಟಮೈನ್ ವಿಚಾರದಲ್ಲಿ ಅಮೆರಿಕದ ಅಧಿಕಾರಿಗಳು ಹಲವು ವರ್ಷಗಳಿಂದ ಹೇಳುತ್ತ ಬಂದಿರುವ ಅಂದಾಜು ಹೀಗಿದೆ: ಒಂದು ಪಾಲು ಮಾಲಿಗೆ ಐದಾರು ಪಾಲು ವಿಷಕಾರಿ ತ್ಯಾಜ್ಯ. ಮೆಫೆಡ್ರೋನಿಗೂ ಇದೇ ಲೆಕ್ಕ ಎಂದು ನಾನು ಹೇಳುತ್ತಿಲ್ಲ, ಅದರ ರಸಾಯನ ಬೇರೆ. ಆದರೆ ಬಳಸಿ ಬಿಟ್ಟ ದ್ರಾವಕ, ಆಮ್ಲ, ಕ್ಷಾರ ಎಲ್ಲೋ ಹೋಗಲೇಬೇಕಲ್ಲ. ಕದ್ದುಮುಚ್ಚಿ ಕೆಲಸ ಮಾಡುವವನು ತ್ಯಾಜ್ಯ ಸಾಗಿಸಲು ಟ್ಯಾಂಕರ್ ಕರೆಸುವುದಿಲ್ಲ. ಬಚ್ಚಲಿಗೆ ಸುರಿಯುತ್ತಾನೆ, ಕಕ್ಕಸಿಗೆ ಸುರಿಯುತ್ತಾನೆ, ರಾತ್ರಿ ಹೊತ್ತು ಹಿತ್ತಲಿಗೆ ಸುರಿಯುತ್ತಾನೆ. ಆವಿಯಾದದ್ದು ಗೋಡೆ, ಚಾವಣಿ, ಕಿಟಕಿ ಪರದೆ, ಹಾಸಿಗೆಗಳ ಮೇಲೆ ಕೂರುತ್ತದೆ. ಅಮೆರಿಕದ ಡೆನ್ವರ್‌ನ ನ್ಯಾಷನಲ್ ಜ್ಯೂಯಿಶ್ ಆಸ್ಪತ್ರೆಯ ಜಾನ್ ಮಾರ್ಟಿನಿ ಮತ್ತು ಸಂಗಡಿಗರು ಪೊಲೀಸರ ಸಹಾಯದಿಂದ ಇದನ್ನು ಪ್ರಯೋಗ ಮಾಡಿಯೇ ನೋಡಿದರು. ಮೆಥ್ ಅಂಶ ಅದನ್ನು ಕಾಯಿಸಿದ ಕೋಣೆಯಲ್ಲಿ ಮಾತ್ರ ನಿಲ್ಲಲಿಲ್ಲ, ಇಡೀ ಕಟ್ಟಡಕ್ಕೆ ಹರಡಿತು. ಕೆಲಸ ನಿಂತು ತಿಂಗಳುಗಳಾದ ಮನೆಗಳಲ್ಲೂ ಅದು ಗೋಡೆಗಳಲ್ಲಿ ಇತ್ತು.

ಇದರಿಂದ ಆಗುವುದೇನು ಎಂದು ಕೇಳುವವರಿಗೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಒಂದು ಹಳ್ಳಿಗಾಡಿನ ಮನೆಯ ಕತೆ ಹೇಳಬೇಕು. ಕತೆಯೆಂದರೆ ಕಟ್ಟುಕತೆಯಲ್ಲ, 2017ರ ಜನವರಿಯಲ್ಲಿ ಅಮೆರಿಕದ ಸಿಡಿಸಿಯ ವಾರಪತ್ರಿಕೆಯಲ್ಲಿ ಪ್ರಕಟವಾದ ವೈದ್ಯಕೀಯ ವರದಿ. 2013ರಲ್ಲಿ ಆ ಮನೆಯ ಮೇಲೆ ಪೊಲೀಸರು ದಾಳಿ ಮಾಡಿದರು, ಮೆಥ್ ತಯಾರಿಕೆ ಪತ್ತೆಯಾಯಿತು. ಅದೇ ವರ್ಷ ಏನೂ ಅರಿಯದ ಒಂದು ಕುಟುಂಬ ಅಲ್ಲಿಗೆ ಬಂದು ನೆಲೆಸಿತು. ಗಂಡ, ಹೆಂಡತಿ, ಮೂವರು ಮಕ್ಕಳು. ಅವರಿಗೆ ಸಂಗತಿ ತಿಳಿದದ್ದು 2015ರಲ್ಲಿ. ಅಷ್ಟರಲ್ಲಿ ಮಕ್ಕಳಿಗೆ ದಮ್ಮಿನಂಥ ತೊಂದರೆ, ನಿದ್ದೆಗೇಡು, ವರ್ತನೆಯಲ್ಲಿ ಬದಲಾವಣೆ ಶುರುವಾಗಿತ್ತು. ಕೂದಲು ಪರೀಕ್ಷೆ ಮಾಡಿಸಿದರೆ ಮಕ್ಕಳ ಕೂದಲಿನಲ್ಲಿ ಮೆಥ್! ಎಲ್ಲರಿಗಿಂತ ಹೆಚ್ಚು ಇದ್ದದ್ದು ಏಳು ವರ್ಷದ ಕಿರಿ ಮಗುವಿನಲ್ಲಿ. ಆ ಮಕ್ಕಳು ಮಾಡಿದ್ದಿಷ್ಟೇ: ನೆಲದ ಮೇಲೆ ಆಡಿದರು, ಗೋಡೆ ಮುಟ್ಟಿದರು, ಆ ಕೈಯನ್ನು ಬಾಯಿಗಿಟ್ಟರು.

ಆಸ್ಟ್ರೇಲಿಯಾದಲ್ಲಿ ಆಗ ನಿಯಮಾವಳಿ ಇರಲಿಲ್ಲವೇ? ಇತ್ತು. ಮಾದಕ ವಸ್ತು ತಯಾರಿಸಿದ ಜಾಗಗಳನ್ನು ಸ್ವಚ್ಛಗೊಳಿಸುವ ರಾಷ್ಟ್ರಮಟ್ಟದ ಮಾರ್ಗಸೂಚಿ 2011ರಲ್ಲೇ ಬಂದಿತ್ತು. ಪೊಲೀಸರಿಂದ ಸ್ಥಳೀಯ ಆಡಳಿತಕ್ಕೆ, ಅಲ್ಲಿಂದ ಮನೆಯವರಿಗೆ ಹೋಗಬೇಕಾದ ಒಂದು ಕಾಗದ ತಡವಾಯಿತು, ಅಷ್ಟೇ. ನಮ್ಮಲ್ಲಿ ಅದು ತಡವಾಗುವ ಪ್ರಶ್ನೆಯೇ ಇಲ್ಲ. ಅಂಥ ಕಾಗದವೇ ಇಲ್ಲ.

ಕಾನೂನು ಏನು ಹೇಳುತ್ತದೆ ನೋಡಿ. 1985ರ ಎನ್‌ಡಿಪಿಎಸ್ ಕಾಯ್ದೆ ಕಟ್ಟುನಿಟ್ಟಿನ ಕಾಯ್ದೆ. ಗೊತ್ತಿದ್ದೂ ತನ್ನ ಮನೆಯನ್ನು ಈ ದಂಧೆಗೆ ಬಿಟ್ಟುಕೊಟ್ಟ ಮಾಲೀಕನಿಗೆ 25ನೇ ಸೆಕ್ಷನ್ ಶಿಕ್ಷೆ ಹೇಳುತ್ತದೆ. ವಶಪಡಿಸಿಕೊಂಡ ಮಾಲನ್ನು ಹೇಗೆ ನಾಶ ಮಾಡಬೇಕೆಂಬುದಕ್ಕೆ 52ಎ ಸೆಕ್ಷನ್ ಇದೆ, ಅದನ್ನು ಸುಡುವಾಗ ಫೋಟೋಗೆ ನಮ್ಮನ್ನೂ ಕರೆಯುತ್ತಾರೆ. ಕಟ್ಟಡವನ್ನು ಜನವಾಸಕ್ಕೆ ಯೋಗ್ಯ ಮಾಡುವುದರ ಬಗ್ಗೆ ಕಾಯ್ದೆ ಸುಮ್ಮನಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ರಾಸಾಯನಿಕವನ್ನು ಸಾಗಿಸಬೇಕಾದರೆ ಫಾರಂ 10 ಭರ್ತಿ ಮಾಡಬೇಕು, ಎಲ್ಲಿಂದ ಹೊರಟು ಎಲ್ಲಿಗೆ ಸೇರಿತು ಎಂಬುದಕ್ಕೆ ದಾಖಲೆ ಇರಬೇಕು. ಕಾರ್ಖಾನೆಯವರಾದರೆ ಮಾಲಿನ್ಯ ನಿಯಂತ್ರಣ ಮಂಡಳಿ ಬೆನ್ನು ಹತ್ತಿ ಕೇಳುತ್ತದೆ. ಕಳ್ಳ ಕಾರ್ಖಾನೆಗೆ ಮಂಡಳಿಯ ಪರವಾನಗಿಯೇ ಇಲ್ಲವಾದ್ದರಿಂದ ಅದು ಮಂಡಳಿಯ ಕಡತದಲ್ಲೇ ಇಲ್ಲ. ಎಂಥ ತರ್ಕ!

ಮೈಸೂರು ದಾಳಿ ನಡೆದ ಅದೇ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಹೊಸ ನಿಯಮಗಳನ್ನು ಹೊರಡಿಸಿತು. ಸಂಶಯವಿರುವ ಸ್ಥಳಗಳನ್ನು ಸ್ಥಳೀಯ ಸಂಸ್ಥೆ, ಜಿಲ್ಲಾಡಳಿತ ಪಟ್ಟಿ ಮಾಡಬೇಕು, ರಾಜ್ಯ ಮಂಡಳಿ ಪರೀಕ್ಷಿಸಬೇಕು, ಮಲಿನ ಮಾಡಿದವನೇ ಖರ್ಚು ಭರಿಸಬೇಕು. ಒಳ್ಳೆಯದು. ಆದರೆ ಆ ನಿಯಮಗಳ ಮನಸ್ಸಿನಲ್ಲಿರುವುದು ಹಳೆಯ ಕಾರ್ಖಾನೆಗಳ ಅಂಗಳ, ತ್ಯಾಜ್ಯ ಸುರಿದ ಗುಂಡಿ, ಕೆಟ್ಟ ಅಂತರ್ಜಲ. ಎರಡು ಕೋಣೆ ಒಂದು ಅಡುಗೆಮನೆಯ ಬಾಡಿಗೆ ಮನೆಯ ಗೋಡೆ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಆದರೂ ಹಿತ್ತಲಿನ ಮಣ್ಣು, ಬೋರ್‌ವೆಲ್ ನೀರಿನ ಮಟ್ಟಿಗಾದರೂ ಈ ನಿಯಮದ ಬಾಲ ಹಿಡಿಯಬಹುದು. ಹಿಡಿಯಬೇಕಾದವರು ಜಿಲ್ಲಾಧಿಕಾರಿ.

ಅಮೆರಿಕದಲ್ಲಿ ಇದೊಂದು ವೃತ್ತಿಯೇ ಆಗಿದೆ. 2007ರಲ್ಲಿ ಅಲ್ಲಿನ ಸಂಸತ್ತು ಇದಕ್ಕಾಗಿ ಸಂಶೋಧನಾ ಕಾಯ್ದೆ ಮಾಡಿತು, 2009ರಲ್ಲಿ ಅಲ್ಲಿನ ಪರಿಸರ ಸಂಸ್ಥೆ ಇಪಿಎ ಮಾರ್ಗಸೂಚಿ ಹೊರಡಿಸಿತು, ಆಮೇಲೆ ಎರಡು ಸಲ ತಿದ್ದಿತು. ಗಾಳಿಯಾಡಿಸುವುದು, ಕಾರ್ಪೆಟ್ ಹಾಸಿಗೆ ಮುಂತಾದ ಹೀರಿಕೊಳ್ಳುವ ವಸ್ತುಗಳನ್ನು ಕಿತ್ತು ಸಾಗಿಸುವುದು, ಸೂಕ್ಷ್ಮ ಕಣ ಹಿಡಿಯುವ ವ್ಯಾಕ್ಯೂಮಿನಿಂದ ಧೂಳು ತೆಗೆಯುವುದು, ಸೋಪಿನ ನೀರಿನಲ್ಲಿ ಚಾವಣಿಯಿಂದ ನೆಲದವರೆಗೆ ಮೂರು ಸಲ ತೊಳೆಯುವುದು, ಪೈಪುಗಳಲ್ಲಿ ನೀರು ಹಾಯಿಸುವುದು, ಆಮೇಲೆ ಗೋಡೆಯ ಮೇಲೆ ಹತ್ತು ಸೆಂಟಿಮೀಟರ್ ಚೌಕ ಗುರುತು ಮಾಡಿ, ಒರೆಸಿ, ಆ ಬಟ್ಟೆಯನ್ನು ಲ್ಯಾಬಿಗೆ ಕಳಿಸುವುದು. ಬಣ್ಣ ಹೊಡೆಯುವುದು ಇದೆಲ್ಲ ಮುಗಿದ ಮೇಲೆ. ನಮ್ಮಲ್ಲಿ ಅದೊಂದೇ ಕೆಲಸ, ಅದೂ ಮೊದಲು. ಆ ಚೌಕದಲ್ಲಿ ಎಷ್ಟು ಮೆಥ್ ಉಳಿದರೆ ಪರವಾಗಿಲ್ಲ ಎಂಬುದಕ್ಕೆ ಒಂದೊಂದು ರಾಜ್ಯದ್ದು ಒಂದೊಂದು ಅಂಕಿ. ಕ್ಯಾಲಿಫೋರ್ನಿಯಾದಲ್ಲಿ 1.5 ಮೈಕ್ರೋಗ್ರಾಂ. ಅಂಬೆಗಾಲಿಡುವ ಮಗುವನ್ನು ಕಣ್ಣೆದುರು ಇಟ್ಟುಕೊಂಡು ಹಾಕಿದ ಲೆಕ್ಕ ಅದು. ಉಪ್ಪಿನ ಒಂದು ಹರಳಿನ ತೂಕ ಇದರ ಹತ್ತಾರು ಪಟ್ಟು ಇರುತ್ತದೆ.

ಇದನ್ನೇ ಕನ್ನಡಕ್ಕೆ ಅನುವಾದಿಸಿ ಸುತ್ತೋಲೆ ಹೊರಡಿಸಿದರೆ ಆಯಿತೇ? ಆಗುವುದಿಲ್ಲ. ಅವರ ಮನೆ ಮರದ ಚೌಕಟ್ಟು, ಜಿಪ್ಸಮ್ ಹಲಗೆ, ನೆಲಕ್ಕೆ ಕಾರ್ಪೆಟ್, ಇಡೀ ಮನೆಗೆ ಗಾಳಿ ಹಂಚುವ ಕೊಳವೆ. ನಮ್ಮದು ಇಟ್ಟಿಗೆ, ಸಿಮೆಂಟು, ಮೊಸಾಯಿಕ್ ಅಥವಾ ರೆಡ್‌ಆಕ್ಸೈಡ್, ಮೇಲೆ ಶೀಟು. ಕಿತ್ತೆಸೆಯುವಂಥದ್ದು ಕಡಿಮೆ, ಆದರೆ ಸಿಮೆಂಟ್ ಗಾರೆ ದ್ರವವನ್ನು ಹೀರಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ನಮ್ಮಲ್ಲಿ ಎಷ್ಟೋ ಬಡಾವಣೆಗಳಿಗೆ ಒಳಚರಂಡಿಯೇ ಇಲ್ಲ. ಬಚ್ಚಲಿಗೆ ಸುರಿದದ್ದು ಇಂಗುಗುಂಡಿಗೆ, ಇಂಗುಗುಂಡಿಯಿಂದ ಪಕ್ಕದ ಮನೆಯ ಬೋರ್‌ವೆಲ್ಲಿಗೆ. ಅಮೆರಿಕದಲ್ಲಿ ಅಪಾಯ ಮುಖ್ಯವಾಗಿ ಮನೆಯ ಒಳಗೆ ಉಳಿಯುವುದಾದರೆ ನಮ್ಮಲ್ಲಿ ಅದು ಹೊರಗೂ ಹರಿಯುತ್ತದೆ. ಮತ್ತೆ ಆ ನೀಲಿ ಡ್ರಮ್ಮುಗಳು. ರಾಸಾಯನಿಕ ಬಂದ ಡ್ರಮ್ಮು ಗುಜರಿ ಅಂಗಡಿಗೆ ಬಂದು, ಅಲ್ಲಿಂದ ನೀರು ಹಿಡಿಯಲು ಮನೆಗೆ ಹೋಗುವುದು ಯಾವ ಊರಿನಲ್ಲಿಲ್ಲ ಹೇಳಿ. ಮುದ್ದೆಮಾಲಿನ ಪಟ್ಟಿಗೆ ಸೇರಿದ ಡ್ರಮ್ಮುಗಳು ಠಾಣೆ ಆವರಣದಲ್ಲಿ ಬಿಸಿಲಿಗೆ ಬಿದ್ದಿರುತ್ತವೆ. ದಾಳಿಗೆ ಮೊದಲೇ ಗುಜರಿಗೆ ಹೋದವು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಇನ್ನೊಂದು ಮಾತು. ಅವರ ಅಂಕಿಗಳೆಲ್ಲ ಮೆಥ್‌ಗೆ ಸಂಬಂಧಿಸಿದವು. ನಮ್ಮಲ್ಲಿ ಹೆಚ್ಚಾಗಿ ಸಿಗುತ್ತಿರುವುದು ಮೆಫೆಡ್ರೋನ್. ಅದಕ್ಕೆ ನಮ್ಮ ವಿಧಿವಿಜ್ಞಾನ ಪ್ರಯೋಗಾಲಯ, ನಮ್ಮ ವಿಷಶಾಸ್ತ್ರದವರು ಕೂತು ಲೆಕ್ಕ ಹಾಕಬೇಕು. ವಿಜ್ಞಾನ ಸಂಸ್ಥೆ, ನಿಮ್ಹಾನ್ಸ್ ಇರುವ ರಾಜ್ಯ ಇದು. ಮಾಡಲಾಗದ ಕೆಲಸವೇನಲ್ಲ.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ತೊಳೆಯುವ ಕೈಗಳ ವಿಚಾರದಲ್ಲಿ. ‘ವೃತ್ತಿಪರ ಸ್ವಚ್ಛತೆ’ ಎಂದರೆ ಅಲ್ಲಿ ಮೈಮುಚ್ಚುವ ಉಡುಪು, ಉಸಿರಾಟದ ಮಾಸ್ಕು, ತರಬೇತಿ ಪಡೆದವನು. ಇಲ್ಲಿ ಅದೇ ಕೆಲಸ ಬನಿಯನ್ ತೊಟ್ಟ ಪೇಂಟರ್ ಹುಡುಗನಿಗೆ ಬೀಳುತ್ತದೆ. ಗೋಡೆಗೆ ಉಜ್ಜುಕಾಗದ ಹಾಕಿ ಅವನು ಎಬ್ಬಿಸುವ ಧೂಳಿನಲ್ಲಿ ಏನಿದೆಯೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಮೋರಿ ಕಟ್ಟಿಕೊಂಡರೆ ಪೌರಕಾರ್ಮಿಕರನ್ನು ಕರೆಯುತ್ತಾರೆ. ಮಲಗುಂಡಿಗೆ ಮನುಷ್ಯರನ್ನು ಇಳಿಸಬಾರದು ಎಂದು 2013ರ ಕಾಯ್ದೆ ಹೇಳಿದ್ದರೂ ಇಳಿಸುವುದು ನಿಂತಿಲ್ಲ, ಸಾಯುವುದೂ ನಿಂತಿಲ್ಲ. ಆ ಗುಂಡಿಯಲ್ಲಿ ಮಲದ ಜೊತೆಗೆ ದ್ರಾವಕವೂ ಇದ್ದರೆ? ಎಲ್ಲರೂ ಬಿಟ್ಟುಹೋದ ಮೇಲೆ ಒಬ್ಬ ಬಡವನ ಕೈಯಿಂದ ತೊಳೆಸಿ ಮುಗಿಸುವ ನಮ್ಮ ಹಳೆಯ ಪದ್ಧತಿ ಇಲ್ಲೂ ಸದ್ದಿಲ್ಲದೆ ಬಂದು ಕೂತಿದೆ.

ಹಾಗಾದರೆ ಖಾಸಗಿ ಕಂಪನಿಗಳಿಗೆ ಬಿಟ್ಟುಕೊಡಿ, ಅವರು ಬಂದು ಪರೀಕ್ಷೆ ಮಾಡಿ ಸ್ವಚ್ಛ ಮಾಡಲಿ ಎನ್ನುವವರು ನಾಳೆ ಬರುತ್ತಾರೆ. ಬರುವ ಮೊದಲೇ ನ್ಯೂಜಿಲೆಂಡಿನಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ.

ಅಲ್ಲಿನ ಆರೋಗ್ಯ ಸಚಿವಾಲಯ 2010ರಲ್ಲಿ ಮೆಥ್ ತಯಾರಿಸಿದ ಮನೆಗಳ ಸ್ವಚ್ಛತೆಗೆ 0.5 ಮೈಕ್ರೋಗ್ರಾಂ ಎಂಬ ಮಿತಿ ಹಾಕಿತು. ತಯಾರಿಸಿದ ಮನೆಗೆ ಹಾಕಿದ ಮಿತಿ ಅದು. ನಿಧಾನಕ್ಕೆ ಅದನ್ನು ಯಾರೋ ಒಬ್ಬ ಬಾಡಿಗೆದಾರ ಸೇದಿದ ಮನೆಗೂ ಅನ್ವಯಿಸತೊಡಗಿದರು. ಪರೀಕ್ಷೆ ಮಾಡುವವರಿಗೂ ಲೈಸೆನ್ಸಿಲ್ಲ, ತೊಳೆಯುವವರಿಗೂ ಇಲ್ಲ. ಭಯ ಹೆಚ್ಚಿದಷ್ಟೂ ವ್ಯಾಪಾರ. ಸರ್ಕಾರಿ ಬಾಡಿಗೆ ಮನೆಗಳನ್ನು ಆಗ ನೋಡಿಕೊಳ್ಳುತ್ತಿದ್ದ ಹೌಸಿಂಗ್ ನ್ಯೂಜಿಲೆಂಡ್ ಸಂಸ್ಥೆ ಮನೆ ಮನೆ ಪರೀಕ್ಷೆ ಮಾಡಿಸಿ, ಸಿಕ್ಕಿದ ಕಡೆಯೆಲ್ಲ ಬಾಡಿಗೆದಾರರನ್ನು ಹೊರಹಾಕಿತು. ಹಿಂದಿನ ಬಾಡಿಗೆದಾರ ಸೇದಿದ್ದೋ ಇವರು ಸೇದಿದ್ದೋ ಎಂದು ನೋಡುವ ತಾಳ್ಮೆ ಇರಲಿಲ್ಲ. ಸರ್ಕಾರಿ ಬಾಡಿಗೆ ಮನೆಯಲ್ಲಿ ಇರುವವರು ಯಾರು? ಬಡವರು, ಕಾಯಿಲೆಯವರು, ಒಂಟಿ ತಾಯಂದಿರು. ಕೆಲವರ ಮೇಲೆ ಸ್ವಚ್ಛತೆಯ ಬಿಲ್ಲನ್ನೂ ಹೊರಿಸಿದರು.

2018ರ ಮೇ ತಿಂಗಳಲ್ಲಿ ಪ್ರಧಾನಿಯ ಮುಖ್ಯ ವಿಜ್ಞಾನ ಸಲಹೆಗಾರ ಪೀಟರ್ ಗ್ಲಕ್‌ಮನ್ ವರದಿ ಕೊಟ್ಟರು. ಬೇರೆಯವರು ಸೇದಿದ ಮನೆಯಲ್ಲಿ ಉಳಿದ ಅಂಶದಿಂದ ಯಾರಿಗಾದರೂ ಕಾಯಿಲೆ ಬಂದಿದೆ ಎನ್ನುವುದಕ್ಕೆ ವೈದ್ಯಕೀಯ ಪುರಾವೆಯೇ ಇಲ್ಲ, ತಯಾರಿಕೆಯ ಅಥವಾ ವಿಪರೀತ ಬಳಕೆಯ ಅನುಮಾನವಿದ್ದರೆ ಮಾತ್ರ ಪರೀಕ್ಷೆ ಸಾಕು, 15 ಮೈಕ್ರೋಗ್ರಾಂವರೆಗೆ ಭಯ ಬೇಡ ಎಂದರು. ಅಷ್ಟರಲ್ಲಿ ಹೌಸಿಂಗ್ ನ್ಯೂಜಿಲೆಂಡ್ ನೂರು ಮಿಲಿಯನ್ ಡಾಲರಿಗೂ ಹೆಚ್ಚು ಖರ್ಚು ಮಾಡಿಯಾಗಿತ್ತು, ಸುಮಾರು 800 ಬಾಡಿಗೆದಾರರು ಮನೆ ಕಳೆದುಕೊಂಡಿದ್ದರು. ಅದೇ ವರ್ಷ ಸಂಸ್ಥೆ ಕ್ಷಮೆ ಕೇಳಿತು, ಪರಿಹಾರ ಕೊಟ್ಟಿತು. ಗ್ಲಕ್‌ಮನ್ ಅವರ 15 ಎಂಬ ಅಂಕಿಗೆ ತಕರಾರು ತೆಗೆದ ವಿಜ್ಞಾನಿಗಳೂ ಇದ್ದಾರೆ, ವಿಕ್ಟೋರಿಯಾದ ಆ ಮನೆಯ ಗೋಡೆಗಳಲ್ಲಿ ಸಿಕ್ಕಿದ್ದು ಅದರ ಆಸುಪಾಸಿನ ಪ್ರಮಾಣವೇ. ಆ ವಾದ ಅವರು ಮುಗಿಸಿಕೊಳ್ಳಲಿ. ನಮಗೆ ಬೇಕಾದದ್ದು ಅವರ ಅಂಕಿಗಿಂತ ಹೆಚ್ಚಾಗಿ ಅವರು ಮಾಡಿದ ಗೋಜಲು: ತಯಾರಿಸಿದ ಮನೆ ಬೇರೆ, ಸೇದಿದ ಮನೆ ಬೇರೆ. ಇವೆರಡನ್ನು ಕಲಸಿದರೆ ಬೀದಿಗೆ ಬೀಳುವವರು ಬಾಡಿಗೆದಾರರು.

ನಮ್ಮೂರಲ್ಲಿ ಇದು ಹೇಗೆ ತಿರುಗಬಹುದು ಎಂದು ಊಹಿಸಲು ಕಷ್ಟಪಡಬೇಕಿಲ್ಲ. ಈಗಲೇ ಬ್ಯಾಚುಲರ್‌ಗಳಿಗೆ ಮನೆ ಇಲ್ಲ, ಆಫ್ರಿಕದವರಿಗೆ ಇಲ್ಲ, ಈಶಾನ್ಯದವರಿಗೆ ಇಲ್ಲ, ಜಾತಿ ಧರ್ಮ ಕೇಳಿ ಇಲ್ಲ. ಕೈಯಲ್ಲಿ ಒಂದು ಪರೀಕ್ಷಾ ಕಿಟ್ ಸಿಕ್ಕಿತೆಂದರೆ ಅಡ್ವಾನ್ಸ್ ವಾಪಸ್ ಕೊಡದಿರಲು ಮಾಲೀಕರಿಗೆ ಮತ್ತೊಂದು ನೆಪ ಸಿಕ್ಕಿದಂತೆಯೇ. ಈಗ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಆಗ ‘ಡ್ರಗ್ಸ್ ಕ್ಲೀನಿಂಗ್’ ಎಂದು ಹತ್ತು ತಿಂಗಳದ್ದು ಮುರಿದುಕೊಂಡರೆ ಯಾವ ಠಾಣೆಗೆ ಹೋಗುತ್ತೀರಿ?

ಹಾಗಾಗಿ ನಿಯಮ ಸರ್ಕಾರವೇ ಮಾಡಬೇಕು, ಈಗಲೇ ಮಾಡಬೇಕು, ಪ್ರಕರಣಗಳು ಕಡಿಮೆ ಇರುವಾಗಲೇ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ. ತಯಾರಿಕೆ ಸಾಬೀತಾದ, ಮಹಜರಾದ ಜಾಗಕ್ಕೆ ಮಾತ್ರ ಅದು ಅನ್ವಯಿಸಲಿ. ದಾಳಿಯಾದ ದಿನವೇ ಪೊಲೀಸರಿಂದ ಜಿಲ್ಲಾಧಿಕಾರಿಗೆ, ಮಾಲಿನ್ಯ ಮಂಡಳಿಗೆ, ಪಂಚಾಯ್ತಿ ಅಥವಾ ಪುರಸಭೆಗೆ ಲಿಖಿತ ಮಾಹಿತಿ ಹೋಗಲಿ, ಅಕ್ಕಪಕ್ಕದ ಬಾವಿ ಬೋರ್‌ವೆಲ್ಲಿನ ನೀರು ಪರೀಕ್ಷೆಯಾಗಲಿ. ಪರೀಕ್ಷೆ ಮಾಡುವವರು ಬೇರೆ, ತೊಳೆಯುವವರು ಬೇರೆ ಇರಲೇಬೇಕು. ಸ್ವಚ್ಛವಾಗಿದೆ ಎಂಬ ಪ್ರಮಾಣಪತ್ರ ಇಲ್ಲದೆ ಆ ಕಟ್ಟಡ ಬಾಡಿಗೆಗೆ ಹೋಗಬಾರದು, ಪ್ರಮಾಣಪತ್ರ ಸಿಕ್ಕ ಮೇಲೆ ಕಳಂಕವೂ ಮುಗಿಯಬೇಕು.

ಖರ್ಚು ಯಾರದು? ಗೊತ್ತಿದ್ದೂ ಕೊಟ್ಟ ಮಾಲೀಕನಾದರೆ ಅವನದೇ, ಅದರಲ್ಲಿ ಮರುಕ ಬೇಡ. ಆದರೆ ನಿವೃತ್ತಿ ಹಣದಲ್ಲಿ ಮೇಲೊಂದು ಮಹಡಿ ಕಟ್ಟಿಸಿ, ಬ್ರೋಕರ್ ಮಾತು ನಂಬಿ ಬಾಡಿಗೆಗೆ ಕೊಟ್ಟ ಮೇಷ್ಟ್ರ ಮೇಲೆ ಲಕ್ಷಾಂತರ ರೂಪಾಯಿ ಹೊರಿಸಿದರೆ ಅವರು ಏನು ಮಾಡುತ್ತಾರೆ? ಮುಚ್ಚಿಡುತ್ತಾರೆ. ಅನುಮಾನ ಬಂದರೂ ಪೊಲೀಸರಿಗೆ ಹೇಳುವುದಿಲ್ಲ. ಕೋಟಿಗಟ್ಟಲೆ ಮಾಲು ಹಿಡಿದೆವೆಂದು ಹೇಳುವ ಸರ್ಕಾರ ಆರೋಪಿಗಳಿಂದ ಜಪ್ತಿಯಾದ ಆಸ್ತಿಯಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಡಲಿ.

ಮಾದಕ ವಸ್ತು ತಡೆಗೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಎನ್‌ಕಾರ್ಡ್ ಸಮಿತಿ ಇದೆ. ಸಭೆ ನಡೆಯುತ್ತದೆ, ವಾರ್ತಾ ಇಲಾಖೆಯಿಂದ ಪ್ರಕಟಣೆ ಬರುತ್ತದೆ, ಶಾಲಾ ಮಕ್ಕಳಿಗೆ ಜಾಗೃತಿ ಮೂಡಿಸಿ ಎಂಬ ಸೂಚನೆ ಅದರಲ್ಲಿ ತಪ್ಪದೆ ಇರುತ್ತದೆ. ಜೂನ್ 26ಕ್ಕೆ ಅದೇ ಮಕ್ಕಳು ಬಿಸಿಲಲ್ಲಿ ಫಲಕ ಹಿಡಿದು ಜಾಥಾ ಹೋಗುತ್ತಾರೆ. ಮುಂದಿನ ಸಭೆಯ ದಿನ ನಮ್ಮಲ್ಲಿ ಯಾರು ಅಲ್ಲಿರುತ್ತೀರೋ ಅವರು ಪ್ರಕಟಣೆ ಜೇಬಿಗಿಟ್ಟುಕೊಂಡು ಹೊರಡುವ ಮೊದಲು ಮೂರು ವಿಷಯ ಕೇಳಿ. ಜಿಲ್ಲೆಯಲ್ಲಿ ಇಂಥ ತಯಾರಿಕೆ ಪತ್ತೆಯಾದ ಕಟ್ಟಡಗಳು ಎಷ್ಟು, ಈಗ ಅವುಗಳಲ್ಲಿ ಯಾರಿದ್ದಾರೆ? ಅಲ್ಲಿಂದ ತೆಗೆದ ರಾಸಾಯನಿಕ ಯಾವ ಲಾರಿಯಲ್ಲಿ ಎಲ್ಲಿಗೆ ಹೋಯಿತು, ಫಾರಂ 10ರ ಪ್ರತಿ ಇದೆಯೇ? ಪಕ್ಕದ ಬೋರ್‌ವೆಲ್ ನೀರನ್ನು ಯಾರಾದರೂ ಪರೀಕ್ಷೆ ಮಾಡಿದರೇ? ಉತ್ತರ ಬಾಯಲ್ಲಿ ಸಿಗದಿದ್ದರೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಆರ್‌ಟಿಐ ಹಾಕಿ. ಬಂದ ಉತ್ತರವನ್ನು, ‘ಮಾಹಿತಿ ಲಭ್ಯವಿಲ್ಲ’ ಎಂಬುದೇ ಉತ್ತರವಾದರೂ, ಇಲ್ಲಿಗೆ ಕಳಿಸಿ, ಜಿಲ್ಲಾವಾರು ಹಾಕೋಣ.